ಎರಡನೆಯ ಪ್ರತಿಯ ದಾರಿ

ನನ್ನ ತಾತ ಸರಗೂರು ಕಡೆಯ ಶಾನುಭೋಗರು. ಊರಿನ ಲೆಕ್ಕದ ಪುಸ್ತಕಗಳು ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ವರ್ಷದ ಲೆಕ್ಕ ತಪಾಸಣೆಯ ಜಮಾಬಂದಿ ಬಂದಾಗ ಅವನ್ನು ಹೊರಿಸಿಕೊಂಡು ಹೆಗ್ಗಡದೇವನಕೋಟೆಗೆ ಹೋಗುತ್ತಿದ್ದರು. ಮನೆಗೆ ಬೆಂಕಿ ಬಿದ್ದರೆ ಊರಿನ ಲೆಕ್ಕವೂ ಸುಟ್ಟುಹೋಗುವ ಕಾಲ ಅದು. ಮುಂದೆ ಶಾನುಭೋಗಿಕೆ ರದ್ದಾಯಿತು. 2000ದ ನಂತರದ ವರ್ಷಗಳಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ದಾಖಲೆ ಡಿಸ್ಕಿಗೆ ಬಂದರೂ ತಾತನ ಕಾಲದ ಆತಂಕ ಹಾಗೇ ಉಳಿಯಿತು: ಇನ್ನೊಂದು ಪ್ರತಿ ಎಲ್ಲಿದೆ, ಎಷ್ಟು ದೂರದಲ್ಲಿದೆ? ಸ್ಟೋರೇಜ್ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಕಸುಬಿನ ಚರಿತ್ರೆಯೆಲ್ಲ ಇದಕ್ಕೆ ಉತ್ತರ ಹುಡುಕಿದ ಚರಿತ್ರೆ.

ಡಿಸ್ಕು, ಸರ್ವರುಗಳನ್ನು ಜೋಡಿಸುವ ಫೈಬರ್ ಚಾನೆಲ್ 1994ರಲ್ಲಿ ಮಾನಕವಾಯಿತು. ಅದರ ಶಿಸ್ತು ಕಣದಿಂದ ಮನೆಗೆ ರಾಗಿ ಮೂಟೆ ಹೊರುವ ಗಾಡಿಗಳದ್ದು: ಖಾಲಿ ಗಾಡಿ ಮರಳಿದರೆ ಮಾತ್ರ ಮುಂದಿನ ಮೂಟೆ ಹೊರಡುತ್ತದೆ. ಮನೆ ದೂರವಾದಷ್ಟೂ ಹೆಚ್ಚು ಗಾಡಿ ಬೇಕು. ಈ ಗಾಡಿಗಳಿಗೆ ನಾವು ಬಫರ್ ಕ್ರೆಡಿಟ್ ಎನ್ನುತ್ತೇವೆ. 1 ಗಿಗಾಬಿಟ್ ವೇಗದಲ್ಲಿ ಸುಮಾರು 2 ಕಿ.ಮೀ.ಗೆ ಒಂದು ಕ್ರೆಡಿಟ್ ಬೇಕು. ಮೈಸೂರು–ಬೆಂಗಳೂರಿನ 140 ಕಿ.ಮೀ.ಗೆ 70. ಸ್ವಂತ ಫೈಬರ್ ಎಳೆಯಲಾಗದ ಕಚೇರಿಗಳು ಟೇಪುಗಳನ್ನು ಪೆಟ್ಟಿಗೆಗೆ ತುಂಬಿ ವ್ಯಾನಿನಲ್ಲಿ ಬೇರೆ ಊರಿಗೆ ಕಳಿಸುತ್ತಿದ್ದವು.

2001ರ ಜನವರಿಯಲ್ಲಿ ಭುಜ್ ಭೂಕಂಪ, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳ ಕುಸಿತ. ಪಕ್ಕದ ಕಟ್ಟಡದಲ್ಲಿಟ್ಟ ಪ್ರತಿ ಸಾಲದೆಂದು ಎಲ್ಲರಿಗೂ ಮನದಟ್ಟಾಯಿತು. 2004ರ ಜುಲೈನಲ್ಲಿ ಬಂದ ಎಫ್‌ಸಿಐಪಿ ಮಾನಕ, ಫೈಬರ್ ಚಾನೆಲ್ ಫ್ರೇಮುಗಳನ್ನು, ಅಂದರೆ ಆ ಮೂಟೆಗಳನ್ನು, ಹಾಗೇ ಟಿಸಿಪಿಯೊಳಗೆ ಇಟ್ಟು, 3225ನೇ ಪೋರ್ಟಿನ ಮೂಲಕ ಸಾಮಾನ್ಯ ಐಪಿ ಲಿಂಕಿನಲ್ಲಿ ಸಾಗಿಸುವ ಟನಲ್ ಕೊಟ್ಟಿತು. ಬಾಡಿಗೆಯ ಲಿಂಕೇ ಸಾಕಾಯಿತು.

ಆದರೆ ಟನಲ್ ಎರಡು ಊರಿನ ಸ್ವಿಚ್ಚುಗಳನ್ನು ಒಂದೇ ಫ್ಯಾಬ್ರಿಕ್, ಅಂದರೆ ಒಂದೇ ಸ್ವಿಚ್ ಜಾಲ, ಮಾಡಿಬಿಡುತ್ತಿತ್ತು. ಲಿಂಕ್ ಒಮ್ಮೆ ಬಿದ್ದು ಎದ್ದರೆ ಎರಡೂ ಕಡೆ ಕಲಕಿಹೋಗುತ್ತಿತ್ತು. ಅದಕ್ಕೇ ಫ್ಯಾಬ್ರಿಕ್‌ಗಳನ್ನು ಬೇರೆಯಾಗಿಟ್ಟು, ಬೇಕಾದ ಸಾಧನಗಳನ್ನಷ್ಟೇ ಪರಸ್ಪರ ಕಾಣಿಸುವ ರೂಟಿಂಗ್ ಬಂತು. ದೂರದ ಡಿಸ್ಕಿಗೆ ಒಮ್ಮೆ ಬರೆಯಲು ಎರಡು ಸಲ ಹೋಗಿಬರುವ ಮಾತುಕತೆಯನ್ನು ಒಂದಕ್ಕಿಳಿಸುವ ತಂತ್ರವೂ ಬಂತು.

ನಾನಿದ್ದ ಡೇಟಾ ಸೆಂಟರಿನಲ್ಲಿ ಒಮ್ಮೆ ಟನಲ್ ‘ಅಪ್’ ಎಂದೇ ತೋರಿಸುತ್ತಿತ್ತು, ನಕಲು ಮಾತ್ರ ಗಂಟೆಗಟ್ಟಲೆ ಹಿಂದೆ ಬೀಳುತ್ತಿತ್ತು. ಸಣ್ಣ ಪಿಂಗ್ ಸರಾಗವಾಗಿ ಹೋಗಿಬರುತ್ತಿತ್ತು. 1500 ಬೈಟಿನ ಪ್ಯಾಕೆಟ್ಟನ್ನು ಒಡೆಯಬಾರದೆಂಬ ಗುರುತಿನೊಂದಿಗೆ ಕಳಿಸಿದಾಗ ದಾರಿಯಲ್ಲೇ ಮಾಯ. ಲಿಂಕ್ ಒದಗಿಸಿದವರು ಮಾರ್ಗ ಬದಲಿಸಿದ್ದರು, ಹೊಸ ಮಾರ್ಗದ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಚಿಕ್ಕದು. ನಮ್ಮ ಕಡೆಯ ಎಂಟಿಯು ತಗ್ಗಿಸಿದ ಮೇಲೆ ಮರುರವಾನೆಯ ಎಣಿಕೆ ಇಳಿಯಿತು, ನಕಲು ಸಮಕ್ಕೆ ಬಂತು.

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಹೇಳುವುದಿಷ್ಟೆ. ‘ಅಪ್’ ಎಂಬ ಮಾತನ್ನು ನಂಬಿ ಕೂರಬೇಡಿ, ಮರುರವಾನೆ ಮತ್ತು ವಿಳಂಬದ ಲೆಕ್ಕ ನೋಡಿ. ದೂರದ ಪ್ರತಿಯಿಂದಲೇ ಇಡೀ ವ್ಯವಸ್ಥೆಯನ್ನು ಎಬ್ಬಿಸುವ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಸಿ. ಒಬ್ಬ ರೈತನ ಎರಡು ಎಕರೆ ಅವನದೇ ಎಂದು ಹೇಳುವ ಸಾಕ್ಷಿ ಆ ಡಿಸ್ಕಿನಲ್ಲಿರಬಹುದು. ಅದನ್ನು ಓದಿ ನೋಡದೆ ಉಳಿದಿದೆ ಎನ್ನುವ ಹಕ್ಕು ನಮಗಿಲ್ಲ.