ನಾನಿಯ ಚಾಯ್‌ದಾನಿ ಮತ್ತು ಕೊಪ್ಪಳದ ಜಾಗೀರು

ಚೆನ್ನೈನ ಮಣಲಿಯಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಚಾಯ್‌ದಾನಿ ಇದೆ. ಬಿಳಿ ಮೈ, ಅದರ ಮೇಲೆ ನೀಲಿ ಚಿತ್ರ: ಬಾಗಿದ ಮರ, ಸೇತುವೆ, ಆಕಾಶದಲ್ಲಿ ಎರಡು ಹಕ್ಕಿ. ಕೊಪ್ಪಳದ ನಾನಿಯಿಂದ ಅಮ್ಮಿಗೆ, ಅಮ್ಮಿಯಿಂದ ನನಗೆ ಬಂದದ್ದು. ಮನೆಗೆ ಬಂದವರು ಕೇಳಿದರೆ "ಸಾಲಾರ್ ಜಂಗ್ ನವಾಬರ ಮನೇದು" ಅಂತ ಅಮ್ಮಿ ಹೆಮ್ಮೆಯಿಂದ ಹೇಳೋರು. ನಾನು ಅದನ್ನು ತಲೆಕೆಳಗು ಮಾಡಿ ನೋಡಿದೆ.

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಮೊದಲು ತಳ ನೋಡಿ. ವಜ್ರದಾಕಾರದ ಮುದ್ರೆಯಿದ್ದರೆ ಅದರ ವಿನ್ಯಾಸ 1842ರಿಂದ 1883ರ ಒಳಗೆ ನೋಂದಣಿಯಾದದ್ದು. ಬರೀ 'ಇಂಗ್ಲೆಂಡ್' ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ತನ್ನಲ್ಲಿಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಆ ವರ್ಷದಿಂದ ಅಮೆರಿಕ ಕಡ್ಡಾಯ ಮಾಡಿತ್ತು. 'ಮೇಡ್ ಇನ್ ಇಂಗ್ಲೆಂಡ್' ಇದ್ದರೆ ಹೆಚ್ಚಾಗಿ ಇಪ್ಪತ್ತನೇ ಶತಮಾನದ್ದು. ನಾನಿಯದ್ದು ಈ ಕೊನೆಯ ಬಗೆ.

ಚಿತ್ರವೂ ಚೀನಾದ್ದಲ್ಲ. ಚೀನಾದ ಪಿಂಗಾಣಿ ನೋಡಿ 1790ರ ಸುಮಾರಿಗೆ ಇಂಗ್ಲಿಷರೇ ಕಟ್ಟಿದ 'ವಿಲೋ' ವಿನ್ಯಾಸ ಅದು. ತಾಮ್ರದ ಹಲಗೆಯಲ್ಲಿ ಚಿತ್ರ ಕೆತ್ತಿ, ತೆಳು ಕಾಗದಕ್ಕೆ ಅಚ್ಚು ತೆಗೆದು, ಆ ಕಾಗದವನ್ನು ಪಾತ್ರೆಯ ಮೈಗೆ ಒತ್ತುತ್ತಿದ್ದರು. ಕೈಯಿಂದ ಬರೆಯುವ ಕೂಲಿ ಉಳಿಯಿತು, ಬೆಲೆ ಇಳಿಯಿತು. ಅದಕ್ಕೂ ಮುಂಚೆ, 1784ರಲ್ಲಿ, ಬ್ರಿಟನ್ ಚಹಾದ ಮೇಲಿನ ತೆರಿಗೆಯನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿತ್ತು. ಶ್ರೀಮಂತರು ಪುಟ್ಟ ಪಾತ್ರೆಯಲ್ಲಿ ಅಳೆದು ಕುಡಿಯುತ್ತಿದ್ದ ಚಹಾ ಎಲ್ಲರದ್ದಾಯಿತು, ಸ್ಟ್ಯಾಫರ್ಡ್‌ಶೈರ್‌ನ ಕುಲುಮೆಗಳಿಗೆ ಕೈತುಂಬ ಕೆಲಸ. (ಅಲ್ಲೇ ಸ್ಪೋಡ್ ಮನೆತನದವರು ದನದ ಮೂಳೆಯ ಬೂದಿ ಬೆರೆಸಿ 'ಬೋನ್ ಚೈನಾ' ಮಾಡುವ ಹದ ಕಂಡುಕೊಂಡದ್ದು. ಹೆಸರಿನ ಅರ್ಥ ತಿಳಿದ ದಿನ ನಾನಿ ಏನಂತಿದ್ದರೋ!)

ಇಂಥ ಅಚ್ಚಿನ ಚಾಯ್‌ದಾನಿ ನವಾಬರ ದಸ್ತರ್‌ಖಾನಿನದ್ದು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಆದರೆ ನಮ್ಮ ಮನೆಯ ಮಾತಿನಲ್ಲಿ ನವಾಬರ ಹೆಸರು ಸುಮ್ಮನೆ ಸೇರಿಕೊಂಡದ್ದೂ ಅಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು.

ಮೂರನೇ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್, ಹುಟ್ಟಿದ್ದು 1889ರಲ್ಲಿ. 1912ರಲ್ಲಿ ಹೈದರಾಬಾದಿನ ದಿವಾನರಾದರು, 1914ರಲ್ಲಿ ಬಿಟ್ಟರು. ಮದುವೆಯಾಗಲಿಲ್ಲ. ಉಳಿದ ಆಯುಸ್ಸೆಲ್ಲ ಸಂಗ್ರಹಕ್ಕೆ ಹೋಯಿತು: ಕೈಬರಹದ ಕುರ್‌ಆನ್ ಪ್ರತಿಗಳು, ಗಡಿಯಾರಗಳು, ಜೇಡ್ ಕಲ್ಲಿನ ಕಠಾರಿಗಳು, ಜೊತೆಗೆ ವೆಜ್‌ವುಡ್, ವೂಸ್ಟರ್‌ನಂಥ ಇಂಗ್ಲಿಷ್ ಪಿಂಗಾಣಿ. ಹೈದರಾಬಾದಿಗೆ ಹೋದರೆ ಮೂಸಿ ದಂಡೆಯ ಮ್ಯೂಸಿಯಂನಲ್ಲಿ ಗಡಿಯಾರದ ಮುಂದಿನ ಗುಂಪಿನಲ್ಲೇ ನಿಲ್ಲಬೇಡಿ, ಯುರೋಪಿನ ಪಿಂಗಾಣಿಯ ಕೋಣೆಗಳಿಗೂ ಹೋಗಿ.

ನಮ್ಮವರು ಆ ಸಂಗ್ರಹದ ಬಗ್ಗೆ ಬರೆಯುವಾಗ ನವಾಬರ ಅಭಿರುಚಿಯನ್ನು ಹೊಗಳಿ ನಿಲ್ಲಿಸಿಬಿಡುತ್ತಾರೆ. ಅಭಿರುಚಿ ಇತ್ತು, ಅದನ್ನು ನಾನೂ ಒಪ್ಪುತ್ತೇನೆ. ದುಡ್ಡು ಎಲ್ಲಿಂದ ಬಂತು? ಜಾಗೀರಿನಲ್ಲಿ ರೈತ ಕಟ್ಟುವ ಕಂದಾಯ ಸರ್ಕಾರದ ಖಜಾನೆಗಲ್ಲ, ಜಾಗೀರದಾರನಿಗೆ ಸೇರುತ್ತಿತ್ತು. ಕೊಪ್ಪಳ ಸೀಮೆ ಮಳೆ ನೆಚ್ಚಿದ ನೆಲ, ಜೋಳ, ಹತ್ತಿ ಬೆಳೆಯುವ ನೆಲ. ಅಲ್ಲಿ ಕಂದಾಯ ಕಟ್ಟಿದವರಲ್ಲಿ ಲಿಂಗಾಯತರಿದ್ದರು, ಕುರುಬರಿದ್ದರು, ನಮ್ಮವರೂ ಇದ್ದರು. ಸಂಗ್ರಹಕಾರರ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಬೇಕು ಅನ್ನೋದು ನನ್ನ ವಾದ.

1949ರ ಮಾರ್ಚ್‌ನಲ್ಲಿ ನವಾಬರು ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಹೈದರಾಬಾದಿನ ಜಾಗೀರುಗಳು ರದ್ದಾದವು. 1951ರ ಡಿಸೆಂಬರ್ 16ರಂದು ನೆಹರೂ ಅವರು ದಿವಾನ್ ದೇವಡಿಯಲ್ಲಿ ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ನಾನಿಯ ಚಾಯ್‌ದಾನಿಯ ಮೂತಿ ಒಡೆದಿದೆ, ಮುಚ್ಚಳ ಬೇರೆ ಯಾವುದೋ ಪಾತ್ರೆಯದ್ದು. ಬೆಲೆ ಕಟ್ಟುವವರು ಮುಟ್ಟಿಯೂ ನೋಡುವುದಿಲ್ಲ. ಜಾಗೀರು ಎಂದರೇನು ಎಂಬ ಪಾಠ ಬಂದಾಗ ನಾನು ಅದನ್ನು ಟವೆಲಿನಲ್ಲಿ ಸುತ್ತಿ ತರಗತಿಗೆ ಒಯ್ಯುತ್ತೇನೆ, ತಳದ ಅಕ್ಷರ ಓದಲು ಮಕ್ಕಳ ಕೈಗೇ ಕೊಡುತ್ತೇನೆ.