ತಾಯಿಯ ಖಿನ್ನತೆ ಮತ್ತು ಹದಿಹರೆಯ: ದತ್ತು ಕುಟುಂಬಗಳ ಸಾಕ್ಷ್ಯ

ಹದಿಹರೆಯದ ಖಿನ್ನತೆಯಲ್ಲಿ ವಂಶವಾಹಿ, ಮನೆಯ ವಾತಾವರಣ ಎರಡಕ್ಕೂ ಪಾಲಿದೆ ಎಂಬುದರಲ್ಲಿ ಈಗ ತಕರಾರಿಲ್ಲ. ಅವು ಹೇಗೆ ಕೂಡುತ್ತವೆ ಎಂಬುದರಲ್ಲಿ ಇದೆ. 2003ರಲ್ಲಿ ಅವ್ಶಲೋಮ್ ಕ್ಯಾಸ್ಪಿ ತಂಡ ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಮಂದಿಯನ್ನು ಪರಿಶೀಲಿಸಿ, ಸೆರೊಟೊನಿನ್ ಸಾಗಣೆಯ ಜೀನಿನ ಗಿಡ್ಡ ರೂಪ ಇದ್ದವರು ಬದುಕಿನ ಆಘಾತಗಳಿಂದ ಹೆಚ್ಚು ಖಿನ್ನರಾಗುತ್ತಾರೆ ಎಂದಿತು. 2009ರಲ್ಲಿ ನೀಲ್ ರಿಶ್ ಮತ್ತಿತರರು 14 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಆ ಸಂಬಂಧ ಸಿಗಲಿಲ್ಲ.

ರಾಬರ್ಟ್ ಪ್ಲೋಮಿನ್ ತಮ್ಮ 'ಬ್ಲೂಪ್ರಿಂಟ್' (2018) ಗ್ರಂಥದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಹೆತ್ತವರು ಮಕ್ಕಳಿಗೆ ಜೀನನ್ನೂ ಕೊಡುತ್ತಾರೆ, ಮನೆಯನ್ನೂ ಕೊಡುತ್ತಾರೆ. ಹಾಗಾಗಿ ಮನೆಯ ಪ್ರಭಾವವೆಂದು ತೋರುವುದರಲ್ಲಿ ಬಹಳಷ್ಟು ಜೀನಿನದೇ ಎಂಬುದು ಅವರ ವಾದ. ಈ ಎಚ್ಚರಿಕೆ ಸರಿಯಾದದ್ದೇ. ಆದರೆ ಪಾಲನೆಯಿಂದ ಮಕ್ಕಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಂಟಾಗುವುದಿಲ್ಲ ಎಂಬ ಅವರ ತೀರ್ಮಾನ ಖಿನ್ನತೆಯ ಮಟ್ಟಿಗೆ ನಿಲ್ಲದು.

ಎರಿನ್ ಟಲ್ಲಿ, ವಿಲಿಯಂ ಅಯಾಕೊನೊ, ಮ್ಯಾಟ್ ಮೆಗೂ 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವನ್ನು ನೋಡಬೇಕು. ಅದರಲ್ಲಿ 568 ದತ್ತು ಮಕ್ಕಳೂ 416 ಸ್ವಂತ ಮಕ್ಕಳೂ ಇದ್ದರು, ಎಲ್ಲರೂ ಹದಿಹರೆಯದವರು. ದತ್ತು ಮಗುವಿಗೂ ಸಾಕುತಾಯಿಗೂ ರಕ್ತಸಂಬಂಧವಿಲ್ಲ. ಜೀನು ದಾಟಿಬರುವ ದಾರಿ ಅಲ್ಲಿ ಮುಚ್ಚಿದೆ. ಹಾಗಿದ್ದೂ ತಾಯಿಗೆ ಖಿನ್ನತೆ ಬಂದಿದ್ದ ಮನೆಗಳಲ್ಲಿ ಸ್ವಂತ ಮಕ್ಕಳಿಗಿದ್ದಂತೆ ದತ್ತು ಮಕ್ಕಳಿಗೂ ಖಿನ್ನತೆಯ ಅಪಾಯ ಹೆಚ್ಚಿತ್ತು. ತಾಯಿಯ ಖಿನ್ನತೆಯ ಒಂದಂಶ ಒಡನಾಟದ ಮೂಲಕವೇ ಮಗುವನ್ನು ತಲುಪುತ್ತದೆ ಎಂದು ನಾನು ಇದರಿಂದ ವಾದಿಸುತ್ತೇನೆ.

ಒಂದಂಶ ಎಂದೇ ಹೇಳುತ್ತಿದ್ದೇನೆ. ದತ್ತು ಪಡೆಯುವವರನ್ನು ಮೊದಲೇ ಸೋಸಿ ಆರಿಸುವುದರಿಂದ ತೀರಾ ಕಷ್ಟದ ಮನೆಗಳು ಈ ಮಾದರಿಯಲ್ಲಿ ವಿರಳ. ಮಗುವಿನ ಸ್ವಭಾವವೇ ತಾಯಿಯನ್ನು ಕುಗ್ಗಿಸಿರಬಹುದು. ಆ ಸ್ವಭಾವದಲ್ಲಿ ಮಗುವಿನ ಜೀನಿನ ಪಾಲೂ ಇರಬಹುದು. ದತ್ತು ವಿನ್ಯಾಸವೊಂದೇ ಈ ಆಕ್ಷೇಪಕ್ಕೆ ಉತ್ತರಿಸಲಾರದು. ಇಲ್ಲಿ ಮಿರ್ನಾ ವೈಸ್‌ಮನ್ ತಂಡದ 2006ರ ವರದಿ ನೆರವಾಗುತ್ತದೆ. ಅಲ್ಲಿ ಚಿಕಿತ್ಸೆ ಕೊಟ್ಟದ್ದು ತಾಯಂದಿರಿಗೆ. 3 ತಿಂಗಳಲ್ಲಿ ಚೇತರಿಸಿಕೊಂಡವರ ಮಕ್ಕಳಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಶೇ. 11ರಷ್ಟು ಇಳಿಯಿತು, ಚೇತರಿಸದವರ ಮಕ್ಕಳಲ್ಲಿ ಸುಮಾರು ಶೇ. 8ರಷ್ಟು ಏರಿತು. ಯಾರು ಚೇತರಿಸುತ್ತಾರೆ ಎಂಬುದು ಸಂಶೋಧಕರ ಕೈಯಲ್ಲಿರಲಿಲ್ಲವಾದ್ದರಿಂದ ಇದು ಪೂರ್ಣ ಪುರಾವೆಯಲ್ಲ. ಆದರೂ ಮಗುವಿಗೆ ಸಿಗಬಹುದಾದ ನೆರವಿನ ಪ್ರಶ್ನೆ ಇದಾದ್ದರಿಂದ ಬದಿಗಿಡುವಂಥದ್ದೂ ಅಲ್ಲ.

ತಂದೆಯ ಖಿನ್ನತೆಗೆ ಟಲ್ಲಿ ತಂಡದ ಅಧ್ಯಯನದಲ್ಲಿ ಇಂಥ ನೇರ ಪರಿಣಾಮ ಕಾಣಲಿಲ್ಲ. ತಂದೆ ಮಕ್ಕಳ ಜೊತೆ ಕಳೆಯುವ ಹೊತ್ತು ಕಡಿಮೆ ಎಂಬುದು ಇದಕ್ಕೆ ಕಾರಣವೇ? ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು ಸೇರಿ ಮಗುವನ್ನು ಬೆಳೆಸುವ ಮನೆಯಲ್ಲಿ ತಾಯಿಯ ಖಿನ್ನತೆಯ ಭಾರ ಕಡಿಮೆಯಾಗುತ್ತದೆಯೇ? ಅಮೆರಿಕದ ಈ ದತ್ತಾಂಶ ಇದನ್ನು ನಿರ್ಧರಿಸಲಾರದು.