ಬೂದುಗುಂಬಳದ ಮೇಣ, ಕಾರಿನ ಮೆರುಗು

ಆಯುಧಪೂಜೆಯ ದಿನ ಜಯನಗರ, ಬನಶಂಕರಿಯ ಬೀದಿಗಳಲ್ಲಿ ಮನೆಮನೆಯ ಮುಂದೂ ಒಂದೇ ನೋಟ. ತೊಳೆದು ಒರೆಸಿದ ಕಾರಿನ ಬಾನೆಟ್ಟಿಗೆ ಗಂಧ, ಕುಂಕುಮ, ಮುಂಭಾಗಕ್ಕೆ ಬಾಳೆಕಂದು, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಕೊನೆಗೆ ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆಯುತ್ತಾರೆ. ಒಡೆದ ಕಾಯಿಗೂ ಮಿರುಗುವ ಕಾರಿಗೂ ಒಂದು ನಂಟಿದೆ. ಕಾಯಿ ಮುಟ್ಟಿದರೆ ಕೈಗೆ ಹತ್ತುವ ಆ ಬಿಳಿ ಬೂದಿ ನಿಜವಾಗಿ ಬೂದಿಯಲ್ಲ, ಮೇಣ. ಒಳಗಿನ ನೀರು ಆರದಂತೆ ತಡೆದು ಅದು ಕಾಯಿಯನ್ನು ತಿಂಗಳುಗಟ್ಟಲೆ ಕಾಯುತ್ತದೆ. ಕಾರಿಗೆ ಮನುಷ್ಯ ಹಚ್ಚುತ್ತ ಬಂದ ಮೇಣದ ಕೆಲಸವೂ ಮೂಲದಲ್ಲಿ ಇಂಥದೇ.

ಕಾರಿನ ಮೇಣಗಳಲ್ಲಿ ಹೆಸರಾದದ್ದು ಕಾರ್ನೌಬಾ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ, ತಾಳೆಯ ಬಳಗಕ್ಕೆ ಸೇರಿದ ಮರದ ಗರಿಗಳನ್ನು ಕೊಯ್ದು, ಒಣಗಿಸಿ, ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇದು ಕರಗಲು 80 ಡಿಗ್ರಿ ದಾಟಬೇಕು. ಆದರೆ ಬರಿಯ ಕಾರ್ನೌಬಾ ತುಂಬ ಗಡಸು. ಎಣ್ಣೆ, ಬೇರೆ ಮೇಣ, ದ್ರಾವಕಗಳನ್ನು ಬೆರೆಸದೆ ಹಚ್ಚಲಾಗದು. ‘ನೈಸರ್ಗಿಕ’ ಎಂದು ಬರೆದ ಡಬ್ಬಿಯಲ್ಲೂ ಕಾರ್ಖಾನೆಯ ಪಾಲು ಇದ್ದೇ ಇರುತ್ತದೆ.

ಮೊದಲ ಕಾರುಗಳಿಗೆ ಬಳಿದದ್ದು ಕುದುರೆಗಾಡಿಗಳ ಎಣ್ಣೆಬಣ್ಣ ಮತ್ತು ವಾರ್ನಿಷ್. ಪದರದ ಮೇಲೆ ಪದರ ಬಳಿದು ಒಣಗಿಸಲು ವಾರಗಳೇ ಬೇಕಾಗುತ್ತಿದ್ದವು. ಅಮೆರಿಕದ ಡ್ಯುಪಾಂಟ್ ಕಂಪನಿಯ ‘ಡ್ಯುಕೊ’ ಲ್ಯಾಕರ್, 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಬಂದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಅಂದಿನ ಬಣ್ಣದ ಮೇಲೆ ಬೇರೆ ಕಾಪು ಇರಲಿಲ್ಲ. ಬಿಸಿಲಿಗೆ ಅದು ಮಂಕಾಗುತ್ತಿತ್ತು. ಆಗಾಗ ಉಜ್ಜಿ ಮೇಣ ಹಚ್ಚಲೇಬೇಕಿತ್ತು.

‘ಲ್ಯಾಕರ್’ ಎಂಬ ಹೆಸರೂ ನಮ್ಮ ನೆಲದಿಂದಲೇ ಹೋದದ್ದು. ಅದರ ಬೇರು ಸಂಸ್ಕೃತದ ‘ಲಾಕ್ಷಾ’, ಅಂದರೆ ಅರಗು. ಅರಗು ಮೇಣವಲ್ಲ; ಮರದ ಮೇಲೆ ಕೂರುವ ಪುಟ್ಟ ಕೀಟಗಳು ಒಸರುವ ರಾಳ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ತಿಕ್ಕಾಟದ ಬಿಸಿಗೇ ಅದು ಕರಗಿ ಹರಡುತ್ತದೆ. ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು ಏಳುತ್ತದೆ. ಇದೇ ಅರಗನ್ನು ನೆಚ್ಚಿಕೊಂಡು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಆರಂಭವಾಯಿತು. 1962ರಿಂದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತ ಬಂದ ಈ ಕಾರ್ಖಾನೆಯ ಹೆಸರಿನಿಂದ 1989ರಲ್ಲಿ ‘ಲ್ಯಾಕ್’ ಮರೆಯಾಗಿ, ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಆಯಿತು. ಬಣ್ಣದ ಉದ್ಯಮ ಕಾಡಿನಿಂದ ರಸಾಯನಶಾಲೆಗೆ ನಡೆದ ದಾರಿ ಆ ಒಂದು ಹೆಸರಿನಲ್ಲೇ ಕಾಣುತ್ತದೆ.

ಎರಡನೆಯ ಮಹಾಯುದ್ಧದ ನಂತರ ಪಾಲಿಷ್‌ಗಳಿಗೆ ಸಿಲಿಕೋನ್ ಸೇರಿತು. ಅದರ ಮುಂದಿನ ಪೀಳಿಗೆಯೇ ಇಂದಿನ ಕೃತಕ ಸೀಲಂಟ್. ಮೇಣ ಬಣ್ಣದ ಮೇಲೆ ಸುಮ್ಮನೆ ಕೂರುತ್ತದೆ. ಸೀಲಂಟಿನ ಪಾಲಿಮರ್ ಸರಪಳಿಗಳು ಮೇಲ್ಮೈಯನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ. ಮೇಣ ಸಾಧಾರಣವಾಗಿ ಒಂದೆರಡು ತಿಂಗಳಲ್ಲಿ ಸವೆದರೆ, ಸೀಲಂಟ್ ಐದಾರು ತಿಂಗಳು ತಾಳಬಹುದು. ಬಿಸಿಲಿಗೂ ಸೋಪಿಗೂ ಹೆಚ್ಚು ಜಗ್ಗುವುದಿಲ್ಲ. ಅದರ ಹೊಳಪು ಕನ್ನಡಿಯಂತೆ ತೀಕ್ಷ್ಣ, ಮೇಣದ್ದು ಎಣ್ಣೆ ಹಚ್ಚಿದ ತೇಗದಂತೆ ಆಳ ಎನ್ನುವವರುಂಟು. ಸಿಲಿಕೋನಿಗೆ ಒಂದು ದೋಷವೂ ಇದೆ. ಅದರ ಅಂಶ ಉಳಿದ ಮೈಗೆ ಹೊಸ ಬಣ್ಣ ಹೊಡೆದರೆ ಬಣ್ಣ ಅಲ್ಲಲ್ಲಿ ಗುಳಿ ಬಿದ್ದು ಸರಿಯುತ್ತದೆ. ಟಿಂಕರಿಂಗ್ ಶೆಡ್ಡಿನ ಪೇಂಟರುಗಳು ಇದನ್ನು ‘ಫಿಶ್ ಐ’ ಎನ್ನುತ್ತಾರೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರವಿರುತ್ತದೆ. ಮೇಣವಾಗಲಿ ಸೀಲಂಟಾಗಲಿ ಕಾಯುವುದು ಈ ಪದರವನ್ನೇ. ದಕ್ಷಿಣ ಬೆಂಗಳೂರಿನಲ್ಲಿ ಅದಕ್ಕೆ ಶತ್ರುಗಳು ಹಲವರು: ಸಾಲುಮರಗಳಿಂದ ತೊಟ್ಟಿಕ್ಕುವ ಅಂಟು, ಹಕ್ಕಿಯ ಹಿಕ್ಕೆ, ಒಣಗಿದಾಗ ಬಿಳಿ ಕಲೆ ಉಳಿಸುವ ಬೋರ್‌ವೆಲ್ಲಿನ ಗಡಸು ನೀರು. ಎರಡೂ ಲೇಪಗಳು ಇವು ಕಚ್ಚುವುದನ್ನು ತಡಮಾಡುತ್ತವೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

2024ರ ಮಾರ್ಚಿನಲ್ಲಿ ಊರಿಗೆ ನೀರಿನ ಬರ ಬಂದಾಗ ಈ ಮಾತು ಬರಿಯ ಮೆರುಗಿನದಾಗಿ ಉಳಿಯಲಿಲ್ಲ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ನೀರು ಉಳಿಸಲೆಂದು ಧೂಳಿನ ಮೇಲೆ ಒಣಬಟ್ಟೆ ಎಳೆದರೆ ಧೂಳೇ ಉಪ್ಪುಕಾಗದದಂತೆ ಕ್ಲಿಯರ್ ಕೋಟನ್ನು ಗೀರುತ್ತದೆ. ಲೇಪವಿದ್ದ ನುಣುಪು ಮೈಯಿಂದ ಕೊಳೆ ಕಡಿಮೆ ನೀರಿಗೇ ಬಿಡುತ್ತದೆ. ತಿಂಗಳಿಗೊಮ್ಮೆ ಕೈಯಾರೆ ಹಚ್ಚಲು ಬಿಡುವಿದ್ದವರಿಗೆ ಮೇಣ ಸಾಕು. ಬಿಸಿಲು ಮಳೆಯಲ್ಲಿ ಬೀದಿಯಲ್ಲೇ ನಿಲ್ಲುವ ಕಾರಿಗೆ ಸೀಲಂಟ್ ಲೇಸು.

ಬೂದುಗುಂಬಳ ಮೇಣ ಹೊದ್ದದ್ದು ಹೊಳೆಯಲೆಂದಲ್ಲ, ಒಳಗಿನ ನೀರು ಉಳಿಸಿಕೊಳ್ಳಲೆಂದು. ನೀರಿಗೆ ತತ್ವಾರವಾದ ಊರಿನಲ್ಲಿ ಕಾರಿನ ಲೇಪದ ಆಯ್ಕೆಗೂ ಅದೇ ಅಳತೆಗೋಲು ಸಲ್ಲುತ್ತದೆ.